ಉಸಿರಿದ್ದಷ್ಟು ಹೆಜ್ಜೆ

ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮಂಥ ನೌಕರವರ್ಗದ ಕನ್ನಡಿಗರಿಗೆ ಈಚಿನ ವರ್ಷಗಳಲ್ಲಿ ದೇಶ ಸುತ್ತುವುದೆಂದರೆ ಹೆಚ್ಚುಕಡಿಮೆ ಲಡಾಖ್‌ಗೆ ಹೋಗಿಬರುವುದು ಎಂದೇ ಆಗಿದೆ. ಮಾರ್ಚ್ ತಿಂಗಳ ಲೆಕ್ಕಪತ್ರಗಳ ಗಡಿಬಿಡಿ ಮುಗಿಯುತ್ತಲೇ ಕಚೇರಿಯ ಕ್ಯಾಂಟೀನಿನಲ್ಲಿ, ಲೋಕಲ್ ರೈಲಿನ ಬಾಗಿಲಲ್ಲಿ, ಸಂಘದ ಸಭೆಗಳ ಚಹಾ ವಿರಾಮದಲ್ಲಿ ಅದೇ ಮಾತು. ಮೊಬೈಲಿನಿಂದ ಮೊಬೈಲಿಗೆ ಪ್ರವಾಸದ ಪಟ್ಟಿಗಳು ಹರಿದಾಡುತ್ತವೆ. ಐದು ರಾತ್ರಿ, ಆರು ಹಗಲು. ಲೇಹ್, ಸಂಗಮ, ಖರ್ದುಂಗ್ ಲಾ, ನುಬ್ರಾ, ಪ್ಯಾಂಗಾಂಗ್, ಚಾಂಗ್ ಲಾ, ಮರಳಿ ಲೇಹ್, ಮರಳಿ ಮನೆ.

ಇಂಥ ಹಲವು ಪಟ್ಟಿಗಳನ್ನು ನಾನು ಗಮನವಿಟ್ಟು ಓದಿದ್ದೇನೆ. ಇವುಗಳಲ್ಲಿ ಬಹುಪಾಲು ನಮ್ಮ ರಜೆಯ ಅಳತೆಗೆ ಹೊಲಿದ ಅಂಗಿಗಳು. ನಮ್ಮ ಶ್ವಾಸಕೋಶದ ಅಳತೆಯನ್ನು ತೆಗೆದುಕೊಂಡವರು ಯಾರೂ ಇಲ್ಲ. ಎತ್ತರದ ಮರುಭೂಮಿಗೆ ಹೊರಡುವವರು ತಮ್ಮ ಯೋಜನೆಯಲ್ಲಿ ಎಲ್ಲಕ್ಕಿಂತ ಮೊದಲು ಏನನ್ನೂ ಮಾಡದ ದಿನಗಳನ್ನು ಬರೆದುಕೊಳ್ಳಬೇಕು, ಉಳಿದ ದಿನಗಳಲ್ಲಿ ಎಷ್ಟು ಸ್ಥಳ ಹಿಡಿಯುತ್ತದೋ ಅಷ್ಟನ್ನೇ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಅಷ್ಟು ದಿನ ಕೈಯಲ್ಲಿಲ್ಲದಿದ್ದರೆ ಆ ವರ್ಷ ಹೋಗದಿರುವುದೇ ಲೇಸು. ಉತ್ಸಾಹಕ್ಕೆ ತಣ್ಣೀರೆರಚುವ ಮಾತು ಇದೆನಿಸಬಹುದು. ಆದ್ದರಿಂದ ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ನಮ್ಮವರು ಲಡಾಖ್ ಕಡೆಗೆ ಹೀಗೆ ಮುಗಿಬೀಳುವುದಕ್ಕೆ ಇರುವ ಒಂದು ಸರಕಾರಿ ಕಾರಣವನ್ನು ನೋಡೋಣ. ಕೇಂದ್ರ ಸರಕಾರದ ನೌಕರರಿಗೆ ನಾಲ್ಕು ವರ್ಷಗಳ ಒಂದು ಅವಧಿಯಲ್ಲಿ ಸ್ವಂತ ಊರಿಗೂ ದೇಶದ ಬೇರೊಂದು ಸ್ಥಳಕ್ಕೂ ಹೋಗಿಬರಲು ಪ್ರಯಾಣವೆಚ್ಚ ದೊರೆಯುತ್ತದೆ. ಇದೇ ಎಲ್‌ಟಿಸಿ. ಜಮ್ಮು ಮತ್ತು ಕಾಶ್ಮೀರ, ಲಡಾಖ್, ಈಶಾನ್ಯ ರಾಜ್ಯಗಳು ಮತ್ತು ಅಂಡಮಾನಿಗೆ ಸಂಬಂಧಿಸಿ ಇದರಲ್ಲೊಂದು ವಿಶೇಷ ಸಡಿಲಿಕೆ ಇದೆ. ಊರಿಗೆ ಹೋಗುವ ಒಂದು ಸರದಿಯನ್ನು ಬಿಟ್ಟುಕೊಟ್ಟರೆ ಅದರ ಬದಲಿಗೆ ಈ ಪ್ರದೇಶಗಳಲ್ಲೊಂದಕ್ಕೆ ಹೋಗಬಹುದು. ಸಾಮಾನ್ಯವಾಗಿ ವಿಮಾನದ ಅರ್ಹತೆಯಿಲ್ಲದ ಶ್ರೇಣಿಯವರೂ ದೆಹಲಿ ಅಥವಾ ಅಮೃತಸರದಿಂದ ಮುಂದಕ್ಕೆ ವಿಮಾನದಲ್ಲಿ ಹಾರಬಹುದು. ಮತ್ತೆ ಮತ್ತೆ ವಿಸ್ತರಣೆ ಪಡೆಯುತ್ತ ಬಂದಿರುವ ಈ ಸವಲತ್ತು ಕಳೆದ ಆದೇಶದಂತೆ 2026ರ ಸೆಪ್ಟೆಂಬರ್ 25ರವರೆಗೆ ಇದೆ. ಹೀಗಾಗಿ ಕಲ್ಯಾಣಿನಲ್ಲಿ ರಾಜಧಾನಿ ಎಕ್ಸ್‌ಪ್ರೆಸ್ ಹತ್ತಿದ ಗುಮಾಸ್ತನೂ ದೆಹಲಿಯಿಂದ ಒಂದೂವರೆ ಗಂಟೆಯಲ್ಲಿ ಲೇಹ್‌ನಲ್ಲಿ ಇಳಿಯಬಲ್ಲ.

ಊರಿಗೆ ಹೋಗುವುದರ 'ಬದಲಿಗೆ' ಎಂಬ ಆ ಮಾತು ಆದೇಶದಲ್ಲಿ ಸಣ್ಣದು, ನಮ್ಮ ಬದುಕಿನಲ್ಲಿ ದೊಡ್ಡದು. ಥಾಣೆಯಲ್ಲೋ ಪನ್ವೇಲಿನಲ್ಲೋ ಮತ್ಸ್ಯಗಂಧಾ ಹತ್ತಿ ಬೆಳಗಾಗುವ ಹೊತ್ತಿಗೆ ಕಾರವಾರ, ಕುಮಟಾ, ಉಡುಪಿಯ ಕಡೆ ಕಣ್ಣುಬಿಡುವವರು ನಾವು. ಅಲ್ಲಿ ನಮಗಾಗಿ ಕಾಯುವ ಹಿರಿಯರಿದ್ದಾರೆ, ಹೆಂಚು ಸರಿಪಡಿಸಬೇಕಾದ ಮನೆಯಿದೆ. ಅದನ್ನು ಒಮ್ಮೆ ಬಿಟ್ಟುಕೊಟ್ಟು ಇನ್ನೊಂದನ್ನು ಪಡೆಯುತ್ತಿದ್ದೇವೆ ಎಂದಾದರೆ ಪಡೆಯುವುದು ಆ ಬೆಲೆಗೆ ತಕ್ಕುದಾಗಿರಬೇಕು. ಆರು ದಿನ ತಲೆನೋವು ಹಿಡಿದುಕೊಂಡು ಕಾರಿನ ಕಿಟಕಿಯಿಂದ ಬೆಟ್ಟ ನೋಡಿ ಬರುವುದಕ್ಕೆ ಊರನ್ನು ಬಿಟ್ಟುಕೊಡುವುದು ನಷ್ಟದ ವ್ಯಾಪಾರ.

ಇನ್ನು ಆ ನೆಲದ ಸ್ವಭಾವ. ನಮ್ಮ ಕಡೆಯವರಿಗೆ ಮರುಭೂಮಿಯೆಂದರೆ ಜೈಸಲ್ಮೇರಿನ ಬಿಸಿ ಮರಳು. ಲಡಾಖ್ ಚಳಿಯ ಮರುಭೂಮಿ. ಪಶ್ಚಿಮ ಘಟ್ಟ ಮಳೆಮೋಡಗಳನ್ನು ತಡೆದು ಕೊಂಕಣವನ್ನು ತೋಯಿಸಿ ಘಟ್ಟದಾಚೆಯ ಬಯಲನ್ನು ಒಣಗಿಸುವುದನ್ನು ನಾವು ಬಲ್ಲೆವು. ಹಿಮಾಲಯ ಅದನ್ನೇ ಹಲವು ಪಟ್ಟು ದೊಡ್ಡದಾಗಿ ಮಾಡುತ್ತದೆ. ಅದರ ಮಳೆನೆರಳಿನಲ್ಲಿರುವ ಲೇಹ್‌ಗೆ ವರ್ಷವಿಡೀ ಬೀಳುವ ಮಳೆ ಮತ್ತು ಹಿಮ ಸೇರಿ ಸುಮಾರು 100 ಮಿಲಿಮೀಟರ್. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ ಬಿದ್ದದ್ದು 944 ಮಿಲಿಮೀಟರ್. ಕಲ್ಯಾಣ, ಬದಲಾಪುರಗಳನ್ನು ಉಲ್ಹಾಸ್ ನದಿ ಮುಳುಗಿಸಿದ ಆ ದಿನವನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಆ ಒಂದು ದಿನದ ಮಳೆ ಲೇಹ್‌ನ ಒಂಬತ್ತು ವರ್ಷಗಳ ಪಾಲು. ಮಳೆಯನ್ನೇ ಕಾಣದ ನೆಲಕ್ಕೆ ಮಳೆ ಬಂದರೆ ತಡೆದುಕೊಳ್ಳುವ ಶಕ್ತಿಯೂ ಇರುವುದಿಲ್ಲ. 2010ರ ಆಗಸ್ಟ್ 5 ಮತ್ತು 6ರ ನಡುವಿನ ರಾತ್ರಿ ಲೇಹ್‌ನಲ್ಲಿ ಮೇಘಸ್ಫೋಟವಾಗಿ ಕೆಸರಿನ ಪ್ರವಾಹ ನುಗ್ಗಿದಾಗ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಹಸಿ ಇಟ್ಟಿಗೆಯ ಮನೆಗಳು ಕರಗಿಹೋದವು.

ಎತ್ತರದ ಮಾತು ಅದಕ್ಕಿಂತ ಮುಖ್ಯವಾದದ್ದು. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ 1646 ಮೀಟರ್. ಕರ್ನಾಟಕದ ಮುಳ್ಳಯ್ಯನಗಿರಿ ಸುಮಾರು 1930 ಮೀಟರ್. ಲೇಹ್ ಪಟ್ಟಣ ಇರುವುದು ಸುಮಾರು 3500 ಮೀಟರ್ ಎತ್ತರದಲ್ಲಿ. ಎಂದರೆ ಕಳಸೂಬಾಯಿಯ ನೆತ್ತಿಯ ಮೇಲೆ ಇನ್ನೊಂದು ಕಳಸೂಬಾಯಿಯನ್ನಿಟ್ಟು ಅದರ ಮೇಲೂ ಇನ್ನೂರು ಮೀಟರ್ ಹತ್ತಿದಂತೆ. ಸಮುದ್ರದ ಉಪ್ಪುಗಾಳಿಯಲ್ಲಿ ಬದುಕುವ ಡೊಂಬಿವಲಿಯ ದೇಹವನ್ನು ಒಂದು ಬೆಳಗಿನ ಹೊತ್ತಿನಲ್ಲಿ ಎತ್ತಿ ಅಲ್ಲಿ ಇಡುತ್ತೇವೆ. 2025ರ ಅಕ್ಟೋಬರಿನಲ್ಲಿ ನವಿ ಮುಂಬಯಿಯ ಹೊಸ ವಿಮಾನ ನಿಲ್ದಾಣವೂ ಉದ್ಘಾಟನೆಯಾಗಿರುವುದರಿಂದ ನಮ್ಮ ಮನೆಬಾಗಿಲಿಗೂ ಆಕಾಶಕ್ಕೂ ಇದ್ದ ದೂರ ಇನ್ನಷ್ಟು ತಗ್ಗಿದೆ. ದೇಹ ತೆಗೆದುಕೊಳ್ಳುವ ಕಾಲ ಮಾತ್ರ ಒಂದು ಗಳಿಗೆಯೂ ತಗ್ಗಿಲ್ಲ.

ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ ಎಂದು ನಾವು ಸಡಿಲವಾಗಿ ಹೇಳುತ್ತೇವೆ. ವಾಸ್ತವದಲ್ಲಿ ಅದರ ಪಾಲು ಎಲ್ಲೆಡೆಯೂ ಶೇಕಡಾ 21ರಷ್ಟೇ. ಇಳಿಯುವುದು ಗಾಳಿಯ ಒತ್ತಡ. ಲೇಹ್‌ನಲ್ಲಿ ಅದು ಸಮುದ್ರಮಟ್ಟದ ಮೂರನೇ ಎರಡರಷ್ಟು, ಖರ್ದುಂಗ್ ಲಾದಲ್ಲಿ ಸುಮಾರು ಅರ್ಧ. ಕೊರತೆಯನ್ನು ತುಂಬಿಕೊಳ್ಳಲು ದೇಹ ಹೆಚ್ಚು ವೇಗವಾಗಿ ಉಸಿರಾಡುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಅದನ್ನು ಕಂಡ ಮೆದುಳು ಉಸಿರಾಟಕ್ಕೆ ಕಡಿವಾಣ ಹಾಕುತ್ತದೆ. ಮೊದಲ ರಾತ್ರಿಗಳಲ್ಲಿ ನಿದ್ದೆಯಲ್ಲಿ ಉಸಿರು ನಿಂತಂತಾಗಿ ಗಾಬರಿಯಿಂದ ಎದ್ದು ಕೂರುವುದು ಈ ಜಗ್ಗಾಟದಿಂದಲೇ. ಮೂತ್ರಪಿಂಡಗಳು ನಿಧಾನವಾಗಿ ಬೈಕಾರ್ಬನೇಟನ್ನು ಹೊರಹಾಕಿ ರಕ್ತವನ್ನು ಸಮತೋಲನಕ್ಕೆ ತರಬೇಕು, ಆಗಷ್ಟೇ ಉಸಿರಾಟ ಬಿಡುಗಡೆಯಾಗಿ ಸರಾಗವಾಗುತ್ತದೆ. ಆ ಕೆಲಸಕ್ಕೆ ಎರಡು ಮೂರು ದಿನಗಳಾದರೂ ಬೇಕು. ರಕ್ತದಲ್ಲಿ ಕೆಂಪುಕಣಗಳು ಹೆಚ್ಚುವುದಕ್ಕಂತೂ ವಾರಗಳೇ ಹಿಡಿಯುತ್ತವೆ.

ಇಲ್ಲಿ ನಮ್ಮನ್ನು ದಾರಿತಪ್ಪಿಸುವ ಸಂಗತಿಯೊಂದಿದೆ. ಎತ್ತರದ ತೊಂದರೆ ವಿಮಾನದ ಮೆಟ್ಟಿಲಿಳಿದೊಡನೆ ಬರುವುದಿಲ್ಲ. ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆಗಳ ಬಳಿಕ ತಲೆನೋವು, ಓಕರಿಕೆ, ಸುಸ್ತು, ನಿದ್ರಾಹೀನತೆಗಳ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಲೇಹ್‌ಗೆ ವಿಮಾನಗಳು ಬಹುತೇಕ ಬೆಳಗಿನಲ್ಲೇ ಬಂದಿಳಿಯುತ್ತವೆ; ಮಧ್ಯಾಹ್ನದ ಗಾಳಿ ಅಲ್ಲಿ ವಿಮಾನಗಳಿಗೆ ಅನುಕೂಲವಲ್ಲ. ಬೆಳಗ್ಗೆ ಬಂದವರಿಗೆ ಮೈ ಹಗುರವಾಗಿದೆ, ಆಕಾಶ ನೀಲಿಯಾಗಿದೆ. ಒಂದು ದಿನ ಸುಮ್ಮನೆ ಕಳೆಯುವುದೇಕೆಂದು ಮಧ್ಯಾಹ್ನಕ್ಕೆ ಮಾರುಕಟ್ಟೆ, ಸಂಜೆಗೆ ಶಾಂತಿಸ್ತೂಪದ ಮೆಟ್ಟಿಲು. ರಾತ್ರಿಗೆ ಲೆಕ್ಕ ಚುಕ್ತಾ.

ಈ ವಿಷಯದಲ್ಲಿ ನಮ್ಮ ದೇಶದ ಅನುಭವ ಜಗತ್ತಿಗೇ ಪಾಠವಾಗಿದೆ. 1962ರ ಯುದ್ಧದ ಕಾಲದಲ್ಲಿ ಬಯಲಿನ ಸೈನಿಕರನ್ನು ಆತುರಾತುರವಾಗಿ ಹಿಮಾಲಯಕ್ಕೆ ಕಳುಹಿಸಬೇಕಾಯಿತು. ಗಟ್ಟಿಮುಟ್ಟಾದ ತರುಣರು ಶತ್ರುವಿನ ಗುಂಡಿಲ್ಲದೆಯೇ ಕುಸಿದರು. ಸೇನೆಯ ವೈದ್ಯರು 1925 ಮಂದಿ ಸೈನಿಕರ ಅನುಭವವನ್ನು ಅಧ್ಯಯನ ಮಾಡಿ 1969ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಲೇಖನವನ್ನು ಎತ್ತರದ ವೈದ್ಯಶಾಸ್ತ್ರದಲ್ಲಿ ಇಂದಿಗೂ ಉಲ್ಲೇಖಿಸುತ್ತಾರೆ. ಇಂದು ಸೇನೆಯ ಕ್ರಮ ಹೀಗಿದೆ: 9000ದಿಂದ 12,000 ಅಡಿಯವರೆಗಿನ ಎತ್ತರಕ್ಕೆ ಆರು ದಿನಗಳ ಹೊಂದಾಣಿಕೆ. ಅದರಲ್ಲಿ ಮೊದಲೆರಡು ದಿನ ಪೂರ್ಣ ವಿಶ್ರಾಂತಿ, ಮುಂದೆ ನಿಧಾನ ನಡಿಗೆ, ಕೊನೆಗೆ ಸಣ್ಣ ಏರು. 15,000 ಅಡಿಯವರೆಗೆ ಇನ್ನು ನಾಲ್ಕು ದಿನ. ಅದಕ್ಕೂ ಮೇಲೆ ಮತ್ತೆ ನಾಲ್ಕು ದಿನ. ಲೇಹ್ 11,500 ಅಡಿ. ಮೊದಲ ಹಂತದ ಕೊನೆಯಲ್ಲಿದೆ. ಪ್ಯಾಂಗಾಂಗ್ ಎರಡನೆಯ ಹಂತದಲ್ಲಿದೆ. ಖರ್ದುಂಗ್ ಲಾ ಮೂರನೆಯದರಲ್ಲಿ.

ದಿನಾ ಬೆಳಗ್ಗೆ ಓಡುವ ಇಪ್ಪತ್ತೆರಡರ ಸೈನಿಕನಿಗೆ ದೇಶ ಆರು ದಿನ ಕೊಡುತ್ತದೆ. ಕಡತಗಳ ನಡುವೆ ಕುಳಿತು ಸೊಂಟ ಹಿಡಿದುಕೊಂಡ ನಲವತ್ತೈದರ ನಾವು ಒಂದು ರಾತ್ರಿ ಸಾಕೆನ್ನುತ್ತೇವೆ.

ಇದರ ಹಿಂದೆ ನಮ್ಮ ಊರುಗಳು ಕಲಿಸಿದ ಅಭ್ಯಾಸವೂ ಇದೆಯೆಂದು ನನಗೆ ತೋರುತ್ತದೆ. ಡೊಂಬಿವಲಿಯವನು ಕಾಲವನ್ನು ನಿಮಿಷಗಳಲ್ಲಿ ಎಣಿಸುತ್ತಾನೆ. ಏಳು ಐವತ್ತೆರಡರ ಫಾಸ್ಟ್ ತಪ್ಪಿದರೆ ಎಂಟು ಗಂಟೆಯ ಗಾಡಿಯಲ್ಲಿ ಕಾಲಿಡಲು ಜಾಗವಿಲ್ಲ. ಖಾಲಿ ಕುಳಿತ ಹೊತ್ತು ಕಳೆದುಹೋದ ಹೊತ್ತು ಎಂಬ ಭಾವನೆ ನಮ್ಮ ರಕ್ತದಲ್ಲೇ ಸೇರಿದೆ. ಪ್ರವಾಸಕ್ಕೂ ಅದನ್ನೇ ಹೊತ್ತೊಯ್ಯುತ್ತೇವೆ. ಕೊಟ್ಟ ಹಣಕ್ಕೆ ಎಷ್ಟು ಸ್ಥಳ ಎಂಬುದೇ ಅಳತೆಗೋಲು. ಲೋಕಲ್ ಗಾಡಿಯಲ್ಲಿ ಆ ಜಾಣತನ ಕೆಲಸಕ್ಕೆ ಬರುತ್ತದೆ, ಲೇಹ್‌ನಲ್ಲಿ ಮುಳುವಾಗುತ್ತದೆ. ಅಲ್ಲಿ ಮೊದಲ ದಿನ ಹೆಚ್ಚು ಓಡಾಡಿದವರೇ ಹೆಚ್ಚು ಬಳಲುತ್ತಾರೆ. ವ್ಯಾಯಾಮಶಾಲೆಯ ಮೈಕಟ್ಟು, ಮ್ಯಾರಥಾನಿನ ಪದಕ ಯಾವುದೂ ಎತ್ತರದ ರೋಗಕ್ಕೆ ಕವಚವಲ್ಲ. ಮೈಯಲ್ಲಿ ಕಸುವಿದೆಯೆಂಬ ನೆಚ್ಚಿಕೆಯಿಂದ ತರುಣರೇ ಹಲವು ಬಾರಿ ಮೊದಲು ಮಲಗುತ್ತಾರೆ.

ಹಾಗಾದರೆ ಒಳ್ಳೆಯ ಯೋಜನೆ ಹೇಗಿರಬೇಕು? ಪಟ್ಟಿಯಲ್ಲಿ ಊರಿನ ಹೆಸರಿನ ಪಕ್ಕಕ್ಕೆ ಕಿಲೋಮೀಟರನ್ನು ಬರೆಯುವ ಬದಲು ಮಲಗುವ ಎತ್ತರವನ್ನು ಬರೆಯಿರಿ. ಪರ್ವತ ವೈದ್ಯರು ಹೇಳುವ ಸೂತ್ರ ಸರಳವಾದದ್ದು. 3000 ಮೀಟರಿನ ಮೇಲೆ ಮಲಗುವ ಎತ್ತರವನ್ನು ರಾತ್ರಿಗೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ತಂಗಬೇಕು. ಹಗಲು ಮೇಲೆ ಹೋಗಿ ಬಂದರೂ ರಾತ್ರಿ ಕೆಳಗೆ ಮಲಗಬೇಕು.

ಈ ಸೂತ್ರವನ್ನು ಮುಂದಿಟ್ಟುಕೊಂಡು ನೋಡಿದರೆ ದಾರಿಗಳ ಯೋಗ್ಯತೆ ತಾನೇ ತಿಳಿಯುತ್ತದೆ. ಪರಿಸ್ಥಿತಿ ತಿಳಿಯಾಗಿದ್ದರೆ ಶ್ರೀನಗರದ ದಾರಿ ನನಗೆ ಎಲ್ಲಕ್ಕಿಂತ ಹಿತವಾಗಿ ಕಾಣುತ್ತದೆ. ಶ್ರೀನಗರ ಸುಮಾರು 1585 ಮೀಟರ್. ಅಲ್ಲಿಂದ ಸೋನಾಮಾರ್ಗ ದಾಟಿ 3528 ಮೀಟರಿನ ಜೋಜಿ ಲಾ ಏರಿ ಮತ್ತೆ ಇಳಿದು 2676 ಮೀಟರಿನ ಕಾರ್ಗಿಲ್‌ನಲ್ಲಿ ರಾತ್ರಿ. ಮರುದಿನ 4108 ಮೀಟರಿನ ಫೋತು ಲಾ ದಾಟಿ, ಲಾಮಾಯುರು ನೋಡಿ, ಸುಮಾರು 3100 ಮೀಟರಿನ ಆಲ್ಚಿಯಲ್ಲಿ ತಂಗಿ, ಆಮೇಲೆ ಲೇಹ್. ಹಗಲು ಏರಿ ರಾತ್ರಿ ಇಳಿಯುವ ಸೂತ್ರವನ್ನು ಆ ದಾರಿಯೇ ಪಾಲಿಸುತ್ತದೆ. ಮನಾಲಿಯ ದಾರಿ ಚೆಲುವಿನಲ್ಲಿ ಕಡಿಮೆಯಲ್ಲ. ಆದರೆ 2020ರ ಅಕ್ಟೋಬರಿನಲ್ಲಿ ಒಂಬತ್ತು ಕಿಲೋಮೀಟರಿನ ಅಟಲ್ ಸುರಂಗ ತೆರೆದ ಮೇಲೆ ಏರು ಇನ್ನೂ ಬೇಗನೆ ಮುಗಿಯುತ್ತದೆ. ಹಲವರು ಎರಡನೆಯ ರಾತ್ರಿಯೇ 4200 ಮೀಟರಿಗೂ ಮೇಲಿನ ಸರ್ಚುವಿನಲ್ಲಿ ಮಲಗುತ್ತಾರೆ. ಸಮುದ್ರತೀರದಿಂದ ಹೋದವರು ಮನಾಲಿಯ ಕಡೆಯಿಂದ ಇಳಿದು ಬರುವುದು ಒಳ್ಳೆಯದು, ಏರುವುದಲ್ಲ.

ವಿಮಾನದಲ್ಲೇ ಲೇಹ್‌ಗೆ ಹೋಗುವುದಾದರೆ ಕನಿಷ್ಠ 48 ಗಂಟೆ ಪೂರ್ಣ ವಿಶ್ರಾಂತಿ. ವಿಶ್ರಾಂತಿಯೆಂದರೆ ಕೋಣೆ, ಅಂಗಳ, ಬಿಸಿಲು, ಬಿಸಿ ಸೂಪು, ಪುಸ್ತಕ. ಇಲ್ಲವಾದರೆ ಇಳಿದ ದಿನವೇ ಸಿಂಧೂ ನದಿಯ ಗುಂಟ ಪಶ್ಚಿಮಕ್ಕೆ ಹೋಗಿ ಆಲ್ಚಿಯ ಸುತ್ತಮುತ್ತ ತಂಗಬಹುದು. ಲೇಹ್‌ಗಿಂತ ಅದು ಸುಮಾರು ನಾನೂರು ಮೀಟರ್ ತಗ್ಗು. ಆ ಸೋಮಾರಿ ದಿನಗಳಲ್ಲಿ ಸಾವಿರ ವರ್ಷಗಳಷ್ಟು ಹಳೆಯ ಭಿತ್ತಿಚಿತ್ರ ಪರಂಪರೆಯ ಆಲ್ಚಿ ವಿಹಾರ ಕಾಲ್ನಡಿಗೆಯ ದೂರದಲ್ಲೇ ಇರುತ್ತದೆ. ಮೂರನೆಯ ದಿನ ಶೇ, ಥಿಕ್ಸೆ. ನಾಲ್ಕನೆಯ ಅಥವಾ ಐದನೆಯ ದಿನ ನುಬ್ರಾ. ದಿಸ್ಕಿತ್ ಮತ್ತು ಹುಂಡರ್ ಲೇಹ್‌ಗಿಂತ ಕೆಳಗಿರುವುದರಿಂದ ಅಲ್ಲಿ ಎರಡು ರಾತ್ರಿ ನೆಮ್ಮದಿಯಾಗಿ ಕಳೆಯಬಹುದು. ನಡುವಿನ ಖರ್ದುಂಗ್ ಲಾ ದಾಟಿಹೋಗುವ ಜಾಗ, ಕಾಲ ಕಳೆಯುವ ಜಾಗವಲ್ಲ. 18,380 ಅಡಿಯೆಂದು ಅಲ್ಲಿ ಬಹುಕಾಲ ಮೆರೆದ ಫಲಕದ ಮಾತು ಉತ್ಪ್ರೇಕ್ಷೆ. ನಿಜವಾದ ಎತ್ತರ 5359 ಮೀಟರ್, ಎಂದರೆ ಸುಮಾರು 17,582 ಅಡಿ. ಫಲಕದ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳಲು ಹತ್ತು ನಿಮಿಷ ಧಾರಾಳ. ಪ್ಯಾಂಗಾಂಗ್ ಕೊನೆಗಿರಲಿ. 2009ರಲ್ಲಿ 'ತ್ರೀ ಈಡಿಯಟ್ಸ್' ಚಿತ್ರದ ಕೊನೆಯ ದೃಶ್ಯ ಬಂದಾಗಿನಿಂದ ಮಕ್ಕಳಿಗೆ ಲಡಾಖ್ ಎಂದರೆ ಆ ಸರೋವರವೇ. ದಿನಗಳು ಸಾಲದಿದ್ದರೆ ಮೊದಲು ಕೈಬಿಡಬೇಕಾದದ್ದೂ ಅದನ್ನೇ. 4200 ಮೀಟರಿನ ಮೇಲೆ ಡೇರೆಯಲ್ಲಿ ಚಳಿಗೆ ನಡುಗುತ್ತ ಕಳೆಯುವ ರಾತ್ರಿ ಹೊಂದಿಕೊಳ್ಳದ ದೇಹಕ್ಕೆ ಶಿಕ್ಷೆ.

ಹೀಗೆ ಲೆಕ್ಕ ಹಾಕಿದರೆ ಪ್ರಯಾಣವೂ ಸೇರಿ ಹನ್ನೊಂದು ಹನ್ನೆರಡು ದಿನ ಬೇಕಾಗುತ್ತದೆ. ಕೊನೆಯಲ್ಲೊಂದು ದಿನ ಕೈಯಲ್ಲಿ ಉಳಿದಿರಲೇಬೇಕು. 2024ರ ಜುಲೈ ಕೊನೆಯಲ್ಲಿ ಲೇಹ್‌ನಲ್ಲಿ ತಾಪಮಾನ ಏರಿ, ತೆಳುಗಾಳಿ ಇನ್ನಷ್ಟು ತೆಳುವಾಗಿ ವಿಮಾನಗಳು ರದ್ದಾದದ್ದುಂಟು. ಮರುದಿನ ಬೆಳಗ್ಗೆ ಕಚೇರಿಗೆ ಹಾಜರಾಗಬೇಕೆಂಬ ಒತ್ತಡವಿಟ್ಟುಕೊಂಡು ಆ ನಿಲ್ದಾಣದಲ್ಲಿ ಕಾಯಬಾರದು.

ಇದಕ್ಕೆ ಎದುರಾಗುವ ಆಕ್ಷೇಪಗಳು ನನಗೆ ಹೊಸವಲ್ಲ. ನಮ್ಮ ಮನೆಯಲ್ಲೇ ಈ ಚರ್ಚೆ ನಡೆದಿದೆ. ನನ್ನ ಪಟ್ಟಿಯ ಮೊದಲೆರಡು ಸಾಲುಗಳಲ್ಲಿ 'ವಿಶ್ರಾಂತಿ' ಎಂದಿರುವುದನ್ನು ಓದಿದ ಮನೆಯಾಕೆ, "ಅಷ್ಟು ದೂರ ಹೋಗಿ ಮಲಗಿಕೊಂಡಿರುವುದಕ್ಕೆ ಊರಿನ ಜಗಲಿ ಸಾಲದೇನ್ರೀ?" ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ಎಲ್‌ಟಿಸಿಯಲ್ಲಿ ಸಿಗುವುದು ಪ್ರಯಾಣದ ದರ ಮಾತ್ರ. ಹೋಟೆಲು, ಅಲ್ಲಿನ ಟ್ಯಾಕ್ಸಿ ಎಲ್ಲವೂ ನಮ್ಮ ಜೇಬಿನಿಂದ. ನಾಲ್ಕು ಜನರ ಕುಟುಂಬಕ್ಕೆ ಎರಡು ಹೆಚ್ಚಿನ ರಾತ್ರಿ ಹಗುರವಾದ ಖರ್ಚೇನಲ್ಲ. ಆದರೆ ಇದೇ ಸವಲತ್ತಿನೊಂದಿಗೆ ಹತ್ತು ದಿನಗಳ ಗಳಿಕೆ ರಜೆಯನ್ನು ನಗದಾಗಿಸಿಕೊಳ್ಳುವ ಅವಕಾಶವಿದೆ. ಸೇವಾವಧಿಯಲ್ಲಿ ಒಟ್ಟು 60 ದಿನಗಳ ಮಿತಿ. ಆ ಹಣವನ್ನು ಇನ್ನೆರಡು ಸ್ಥಳಗಳಿಗೆ ಸುರಿಯುವ ಬದಲು ಎರಡು ಖಾಲಿ ದಿನಗಳಿಗೆ ಸುರಿಯೋಣ ಎಂಬುದು ನನ್ನ ಉತ್ತರವಾಗಿತ್ತು. ಅದು ಪೂರ್ತಿ ಒಪ್ಪಿಗೆಯಾಗಿದೆ ಎಂದು ಹೇಳಲಾರೆ.

ಇನ್ನೊಂದು ಆಕ್ಷೇಪ ಹೆಚ್ಚು ಜನಪ್ರಿಯ. "ನಮ್ಮ ಸೆಕ್ಷನ್ನಿನ ಇಂಥವರು ಆರೇ ದಿನದಲ್ಲಿ ಹೋಗಿಬಂದರು, ಅವರಿಗೇನೂ ಆಗಲಿಲ್ಲ." ನಿಜ, ಬಹಳ ಮಂದಿಗೆ ತಲೆನೋವಿಗಿಂತ ಹೆಚ್ಚೇನೂ ಆಗುವುದಿಲ್ಲ. ಹೆಲ್ಮೆಟ್ಟಿಲ್ಲದೆ ಕಲ್ಯಾಣ್–ಶಿಳ್ ರಸ್ತೆಯಲ್ಲಿ ಬೈಕು ಓಡಿಸುವವರಲ್ಲೂ ಬಹಳ ಮಂದಿ ಕ್ಷೇಮವಾಗಿಯೇ ಮನೆ ಸೇರುತ್ತಾರೆ. ಎತ್ತರದ ತೊಂದರೆ ಯಾರನ್ನು ಹಿಡಿಯುತ್ತದೆ ಎಂದು ಮೊದಲೇ ಹೇಳಲಾಗದು. ಕಳೆದ ಬಾರಿ ಬಿಟ್ಟವರನ್ನು ಈ ಬಾರಿ ಹಿಡಿಯಬಹುದು. ಶ್ವಾಸಕೋಶದಲ್ಲಿ ನೀರು ತುಂಬಿದರೆ, ಕುಳಿತಲ್ಲೇ ಏದುಸಿರು ಬಂದು ಕೆಮ್ಮಿನಲ್ಲಿ ನೊರೆ ಕಾಣಿಸಿದರೆ, ಮೆದುಳು ಊದಿಕೊಂಡು ನಡಿಗೆ ತಡವರಿಸಿ ಮಾತು ತೊದಲಿದರೆ, ಗಂಟೆಗಳ ಲೆಕ್ಕದಲ್ಲಿ ಪ್ರಾಣ ಹೋಗಬಹುದು. ಆಮ್ಲಜನಕ ಕೊಟ್ಟು ಕೆಳಗಿಳಿಸುವುದೇ ಮುಖ್ಯ ಚಿಕಿತ್ಸೆ. ಲೇಹ್‌ನ ಸೋನಂ ನೊರ್ಬೂ ಸ್ಮಾರಕ ಆಸ್ಪತ್ರೆಯಲ್ಲಿ ಇದನ್ನು ಚೆನ್ನಾಗಿ ಬಲ್ಲ ವೈದ್ಯರಿದ್ದಾರೆ. ಆದರೆ ಪ್ಯಾಂಗಾಂಗ್‌ನಿಂದ ಅಲ್ಲಿಗೆ ಬರಬೇಕಾದರೆ 5300 ಮೀಟರಿಗೂ ಎತ್ತರದ ಚಾಂಗ್ ಲಾವನ್ನು ದಾಟಬೇಕು. ಕೆಳಗಿಳಿಯಲು ಮೊದಲು ಇನ್ನೂ ಮೇಲೇರಬೇಕಾದ ವಿಪರ್ಯಾಸ ಅದು. ಸರೋವರವನ್ನು ಕೊನೆಗಿಡಿ ಎಂದದ್ದು ಇದಕ್ಕಾಗಿ.

ಅವಲಂಬಿತ ತಂದೆತಾಯಿಯರ ಟಿಕೆಟ್ಟೂ ಸಿಗುತ್ತದೆಂದು ಅವರನ್ನು ಕರೆದೊಯ್ಯುವ ಆಸೆ ಸಹಜ. ವಯಸ್ಸೊಂದೇ ಅಡ್ಡಿಯಲ್ಲ. ಹೃದಯ, ಶ್ವಾಸಕೋಶದ ಕಾಯಿಲೆ, ತೀವ್ರ ರಕ್ತಹೀನತೆ ಇರುವವರು, ಗರ್ಭಿಣಿಯರು ಮತ್ತು ಹಸುಗೂಸುಗಳ ವಿಷಯದಲ್ಲಿ ಟಿಕೆಟ್ಟಿಗೆ ಮೊದಲು ವೈದ್ಯರ ಮಾತು ಬೇಕು. ಡಯಾಮಾಕ್ಸ್ ಮಾತ್ರೆ ಮೂತ್ರಪಿಂಡಗಳ ಆ ನಿಧಾನದ ಕೆಲಸವನ್ನು ಕೊಂಚ ತ್ವರೆಗೊಳಿಸುತ್ತದೆ. ಸಲ್ಫಾ ಔಷಧ ಒಗ್ಗದವರಿಗೆ ಅದು ಅಪಾಯಕಾರಿಯಾಗಬಹುದಾದ್ದರಿಂದ ವೈದ್ಯರನ್ನು ಕೇಳದೆ ನುಂಗಬಾರದು. ಕರ್ಚೀಫಿನಲ್ಲಿ ಕರ್ಪೂರ ಕಟ್ಟಿಕೊಂಡು ಮೂಸುವುದು ನಮ್ಮವರ ಅಚ್ಚುಮೆಚ್ಚಿನ ಉಪಾಯ. ಹಿತವೆನಿಸಬಹುದು, ರಕ್ತಕ್ಕೆ ಆಮ್ಲಜನಕವನ್ನು ಅದು ಸೇರಿಸುವುದಿಲ್ಲ. ಕೋವಿಡ್ ಕಾಲದಲ್ಲಿ ಕೊಂಡು ಮೂಲೆಗಿಟ್ಟ ಆಕ್ಸಿಮೀಟರನ್ನು ಕೊಂಡೊಯ್ಯಿರಿ. ಆದರೆ ಅದರ ಅಂಕಿಗಿಂತ ಮನುಷ್ಯನ ಮುಖವನ್ನು ಹೆಚ್ಚು ನೋಡಿ. ಹೊರರಾಜ್ಯದ ಪ್ರೀಪೇಯ್ಡ್ ಮೊಬೈಲು ಅಲ್ಲಿ ನಡೆಯುವುದಿಲ್ಲ; ಕುಟುಂಬದಲ್ಲಿ ಒಂದಾದರೂ ಪೋಸ್ಟ್‌ಪೇಯ್ಡ್ ಇರಲಿ.

ನಿಧಾನದ ಪ್ರವಾಸಕ್ಕೆ ಇನ್ನೊಂದು ಕಾರಣ ನೀರು. ಬಾರವಿ, ಭಾತ್ಸಾ, ಮೊರ್ಬೆ ಅಣೆಕಟ್ಟುಗಳ ಮಟ್ಟವನ್ನು ಪತ್ರಿಕೆಯಲ್ಲಿ ನೋಡುತ್ತ, ಟ್ಯಾಂಕರಿಗೆ ಕಾಯುತ್ತ ಬೇಸಗೆ ಕಳೆಯುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಲಡಾಖಿನ ಹಳ್ಳಿಗಳು ಹಿಮ ಕರಗಿದ ನೀರನ್ನೇ ನಂಬಿವೆ. ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂಬುದನ್ನು ನೋಡಿಕೊಳ್ಳಲು 'ಛುರ್ಪೊನ್' ಎಂಬ ಹಳ್ಳಿಯ ಅಧಿಕಾರಿ ಇರುತ್ತಾನೆ. ಬಾರ್ಲಿ ಬಿತ್ತುವ ವಸಂತದಲ್ಲಿ ಎತ್ತರದ ಹಿಮ ಇನ್ನೂ ಕರಗಿರುವುದಿಲ್ಲವೆಂದು ಚೆವಾಂಗ್ ನೊರ್ಫೆಲ್ ಎಂಬ ಎಂಜಿನಿಯರು ಚಳಿಗಾಲದ ನೀರನ್ನು ಹಳ್ಳಿಯ ಸಮೀಪದಲ್ಲೇ ಹೆಪ್ಪುಗಟ್ಟಿಸುವ ಕೃತಕ ಹಿಮನದಿಗಳನ್ನು ಕಟ್ಟಿದರು. 2015ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅದೇ ವಿಚಾರವನ್ನು ಮುಂದುವರಿಸಿದ 'ಹಿಮಸ್ತೂಪ'ಗಳಲ್ಲಿ ನೀರನ್ನು ಶಂಖಾಕೃತಿಯಲ್ಲಿ ಹೆಪ್ಪುಗಟ್ಟಿಸುತ್ತಾರೆ. ಬಿಸಿಲು ತಾಗುವ ಮೈ ಕಡಿಮೆಯಾದ್ದರಿಂದ ಅದು ತಡವಾಗಿ ಕರಗುತ್ತದೆ. ಇಷ್ಟು ಕಷ್ಟದಿಂದ ಕೂಡಿಟ್ಟ ನೀರಿನ ನಾಡಿನಲ್ಲಿ ಪ್ರವಾಸಿಗರಿಗಾಗಿ ಹೋಟೆಲುಗಳು ಕೊಳವೆಬಾವಿ ಕೊರೆದು ಷವರು ಹರಿಸುತ್ತಿವೆ. ನಾವು ದಿನಕ್ಕೊಂದು ಹೋಟೆಲು ಬದಲಿಸಿದಷ್ಟೂ ಒಗೆಯಬೇಕಾದ ಹಾಸಿಗೆ ಬಟ್ಟೆಗಳು ಹೆಚ್ಚುತ್ತವೆ. ಒಂದೇ ಮನೆಯಲ್ಲಿ ನಾಲ್ಕು ದಿನ ತಂಗಿ, ಅವರ ಒಣ ಶೌಚಾಲಯವನ್ನು ಮೂಗು ಮುರಿಯದೆ ಬಳಸಿ, ಬಕೆಟ್ಟಿನ ಅಳತೆಯಲ್ಲಿ ಸ್ನಾನ ಮಾಡಿದರೆ ದೇಹಕ್ಕೂ ಆ ನೆಲಕ್ಕೂ ಒಳಿತು.

ಎತ್ತರಕ್ಕೆ ಎಷ್ಟು ಗೌರವ ಕೊಡಬೇಕೆಂಬುದಕ್ಕೆ ಕನ್ನಡ ನಾಡಿನಿಂದಲೇ ಒಂದು ಉದಾಹರಣೆ ಇದೆ. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿರುವ ಖಗೋಳ ವೀಕ್ಷಣಾಲಯ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು. ಮೋಡವಿಲ್ಲದ ಒಣ ಆಕಾಶಕ್ಕಾಗಿ ಅವರು ಅಷ್ಟು ದೂರ, ಅಷ್ಟು ಮೇಲೆ ಹೋದರು. ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕ 2000ದಲ್ಲಿ ಮೊದಲ ಬೆಳಕು ಕಂಡಿತು. ಅದನ್ನು ನಡೆಸುವವರು ಉಪಗ್ರಹ ಸಂಪರ್ಕದ ಮೂಲಕ ಹೊಸಕೋಟೆಯಲ್ಲಿ ಕುಳಿತು ನಡೆಸುತ್ತಾರೆ. ನಕ್ಷತ್ರ ನೋಡುವುದೇ ಕಸುಬಾದವರು ಕೂಡ ಪ್ರತಿ ರಾತ್ರಿ ಅಲ್ಲಿರಲೇಬೇಕೆಂದು ಹಟ ಹಿಡಿಯದೆ ಎತ್ತರದೊಡನೆ ಒಂದು ಒಪ್ಪಂದಕ್ಕೆ ಬಂದಿದ್ದಾರೆ. ರಜೆಯ ಮೇಲೆ ಹೋಗುವ ನಾವೂ ಎರಡು ಸ್ಥಳ ಬಿಟ್ಟುಕೊಟ್ಟು ಅಂಥ ಒಪ್ಪಂದ ಮಾಡಿಕೊಳ್ಳಬಹುದು.

ನಮ್ಮ ಕಚೇರಿಗಳಲ್ಲಿ ರಜೆ ಮಂಜೂರು ಮಾಡುವ ಮೇಜಿನಲ್ಲಿ ಕುಳಿತವರಿಗೂ ಒಂದು ಮಾತು. ಲಡಾಖಿನ ಅರ್ಜಿ ಬಂದಾಗ ಎಂಟು ದಿನ ಯಾಕೆ ಸಾಲದು ಎಂದು ಕೇಳಬೇಡಿ. ಹನ್ನೆರಡು ಯಾಕೆ ಬೇಕೆಂಬುದಕ್ಕೆ ಮೇಲಿನ ಲೆಕ್ಕ ಸಾಕು. ಸಂಘಗಳಲ್ಲಿ ಗುಂಪು ಪ್ರವಾಸ ಏರ್ಪಡಿಸುವ ಗೆಳೆಯರು ಮಲಗುವ ಎತ್ತರದ ಒಂದು ಅಂಕಣವನ್ನು ಪಟ್ಟಿಗೆ ಸೇರಿಸಿದರೆ, ಉಳಿದದ್ದನ್ನು ಓದಿದವರೇ ತಿದ್ದಿಕೊಳ್ಳುತ್ತಾರೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಖರ್ಚಿಗೆ ಹೇಳಿದ್ದು. ಲಡಾಖಿನಲ್ಲಿ ಅದನ್ನು ಉಸಿರಿಗೂ ಅನ್ವಯಿಸಿಕೊಳ್ಳಬೇಕು. ಹನ್ನೆರಡು ದಿನ ಸಿಕ್ಕರೆ ಈ ವರ್ಷವೇ ಹೊರಡಿ. ಆರೇ ದಿನ ಸಿಕ್ಕರೆ ಮತ್ಸ್ಯಗಂಧಾಕ್ಕೆ ಟಿಕೆಟ್ ಮಾಡಿಸಿ ಊರಿಗೆ ಹೋಗಿಬನ್ನಿ. ಅಲ್ಲಿ ಮೊದಲ ದಿನದಿಂದಲೇ ಎಷ್ಟು ಬೇಕಾದರೂ ಓಡಾಡಬಹುದು.